ದೇಶ ದೇಶಗಳ ಬಾಳುವೆ ಅಳೆಯುವ ಬಗೆ: ಮಹಾಗಾಂವದಿಂದ ನೋಡಿದಾಗ



ಜಗತ್ತಿನಲ್ಲಿ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ ಭಾರತ ಎಂಬ ಮಾತನ್ನು ನೀವು ಸಂಘದ ಸಭೆಗಳಲ್ಲಿ ಕೇಳಿರುತ್ತೀರಿ. ಕರ್ನಾಟಕದಲ್ಲಿ ತಲಾ ಆದಾಯ ಅತಿ ಕಡಿಮೆ ಇರುವ ಜಿಲ್ಲೆಗಳ ಸಾಲಿನಲ್ಲಿ ಕಲಬುರಗಿ ಇದೆ ಎಂಬುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಮೊದಲನೆಯ ಮಾತಿನಿಂದ ಹೆಮ್ಮೆ, ಎರಡನೆಯದರಿಂದ ಬೇಸರ ಆಗುವುದು ಸಹಜ. ಆದರೆ ಮಹಾಗಾಂವದಲ್ಲಿ ಎರಡು ಎಮ್ಮೆ ಕಟ್ಟಿಕೊಂಡು, ನಾಲ್ಕು ಎಕರೆ ತೊಗರಿ ಬಿತ್ತಿ ಬಾಳುವ ಕುಟುಂಬದ ನಿಜಸ್ಥಿತಿ ಈ ಎರಡು ಮಾತುಗಳಿಂದ ತಿಳಿಯುತ್ತದೆಯೇ?

ದೇಶ ದೇಶಗಳನ್ನು, ಜಿಲ್ಲೆ ಜಿಲ್ಲೆಗಳನ್ನು ಹೋಲಿಸಿ ನೋಡಲು ತಜ್ಞರು ಹಲವು ಅಳತೆಗೋಲುಗಳನ್ನು ಬಳಸುತ್ತಾರೆ. ಇವು ಕೇವಲ ಪಂಡಿತರ ವಿಷಯವೆಂದು ನಾವು ಬಿಡುವಂತಿಲ್ಲ. ಯಾವ ತಾಲೂಕಿಗೆ ಎಷ್ಟು ಅನುದಾನ ಎಂಬುದು ಇಂಥ ಅಂಕಿಗಳಿಂದಲೇ ತೀರ್ಮಾನವಾಗುತ್ತದೆ. ಹಾಲಿನ ಡಿಗ್ರಿ ಮತ್ತು ಫ್ಯಾಟ್ ನೋಡಲು ಬಾರದವನು ಡೇರಿಯಲ್ಲಿ ಕೊಟ್ಟಷ್ಟು ತೆಗೆದುಕೊಂಡು ಬರಬೇಕಾಗುತ್ತದೆ. ಅಂಕಿಅಂಶ ಓದಲು ಬಾರದ ಊರಿನ ಸ್ಥಿತಿಯೂ ಹಾಗೆಯೇ. ಆದ್ದರಿಂದ ಈ ಪಾಠದಲ್ಲಿ, ಯಾವುದೇ ಹೋಲಿಕೆಯನ್ನು ನಂಬುವ ಮೊದಲು ಕೇಳಬೇಕಾದ ಐದು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

1. ಒಟ್ಟು ಎಷ್ಟು, ತಲೆಗೆ ಎಷ್ಟು?

2023-24ರಲ್ಲಿ ಭಾರತದ ಹಾಲಿನ ಉತ್ಪಾದನೆ ಸುಮಾರು 23 ಕೋಟಿ 90 ಲಕ್ಷ ಟನ್. ಅಮೆರಿಕದ ಉತ್ಪಾದನೆ ಸುಮಾರು 10 ಕೋಟಿ ಟನ್. ನ್ಯೂಜಿಲೆಂಡಿನದು 2 ಕೋಟಿ ಟನ್ನಿಗಿಂತ ಸ್ವಲ್ಪ ಹೆಚ್ಚು. ಒಟ್ಟು ಲೆಕ್ಕದಲ್ಲಿ ನಾವೇ ಮೊದಲು.

ಈಗ ಇದನ್ನು ಜನಸಂಖ್ಯೆಯಿಂದ ಭಾಗಿಸಿರಿ. ಭಾರತದಲ್ಲಿ ಒಬ್ಬರಿಗೆ ದಿನಕ್ಕೆ 471 ಗ್ರಾಂ ಬರುತ್ತದೆ. ಅಮೆರಿಕದಲ್ಲಿ 800 ಗ್ರಾಂ ದಾಟುತ್ತದೆ. ಸುಮಾರು 53 ಲಕ್ಷ ಜನರಿರುವ ನ್ಯೂಜಿಲೆಂಡಿನಲ್ಲಿ ಒಬ್ಬರಿಗೆ ದಿನಕ್ಕೆ ಹತ್ತು ಕಿಲೋಗಿಂತ ಹೆಚ್ಚು! ಅಳತೆಗೋಲು ಬದಲಾದೊಡನೆ ಮೊದಲಿದ್ದವರು ಹಿಂದೆ, ಹಿಂದಿದ್ದವರು ಮುಂದೆ ಆದರು.

ಹಾಗಾದರೆ ನ್ಯೂಜಿಲೆಂಡಿನವರು ದಿನಕ್ಕೆ ಹತ್ತು ಕಿಲೋ ಹಾಲು ಕುಡಿಯುತ್ತಾರೆಯೇ? ಇಲ್ಲ. ಅಲ್ಲಿಯ ಹಾಲಿನ ಬಹುಪಾಲು ಪುಡಿ, ಬೆಣ್ಣೆ, ಚೀಸ್ ಆಗಿ ಹೊರದೇಶಗಳಿಗೆ ಹೋಗುತ್ತದೆ. ಅದೇ ರೀತಿ ನಮ್ಮ 471 ಗ್ರಾಂ ಕೂಡ ಉತ್ಪಾದನೆಯನ್ನು ಜನಸಂಖ್ಯೆಯಿಂದ ಭಾಗಿಸಿದ ಉತ್ತರ ಮಾತ್ರ. ಪ್ರತಿಯೊಬ್ಬರ ಲೋಟಕ್ಕೂ ಅಷ್ಟು ಹಾಲು ಬಿದ್ದಿದೆ ಎಂದು ಅದರ ಅರ್ಥವಲ್ಲ. "ತಲಾ ಲಭ್ಯತೆ" ಎಂಬ ಪದವನ್ನು ಕಂಡಾಗಲೆಲ್ಲ ಈ ವ್ಯತ್ಯಾಸವನ್ನು ನೆನಪಿಡಬೇಕು.

ಇನ್ನೊಂದು ಅಳತೆಗೋಲು ಒಂದು ಆಕಳು ಕೊಡುವ ಹಾಲು. ಅಮೆರಿಕದ ಒಂದು ಆಕಳು ವರ್ಷಕ್ಕೆ ಸರಾಸರಿ ಸುಮಾರು 11 ಸಾವಿರ ಕಿಲೋ ಹಾಲು ಕೊಡುತ್ತದೆ. ನ್ಯೂಜಿಲೆಂಡಿನ ಆಕಳು ಅದರ ಅರ್ಧಕ್ಕಿಂತಲೂ ಕಡಿಮೆ ಕೊಡುತ್ತದೆ. ಆದರೂ ಜಗತ್ತಿನ ಪೇಟೆಯಲ್ಲಿ ನ್ಯೂಜಿಲೆಂಡಿನ ರೈತ ಗಟ್ಟಿಯಾಗಿ ನಿಂತಿದ್ದಾನೆ. ಕಾರಣವೇನೆಂದರೆ ಅಲ್ಲಿ ಆಕಳು ಮುಖ್ಯವಾಗಿ ಬಯಲಿನ ಹಸಿರು ಹುಲ್ಲು ಮೇಯುತ್ತದೆ. ಕೊಂಡು ತರುವ ಆಹಾರದ ಖರ್ಚು ಕಡಿಮೆ. ಹೆಚ್ಚು ಹಾಲು ಎಂದರೆ ಹೆಚ್ಚು ಲಾಭ ಎಂದು ಹೇಳಲು ಬರುವುದಿಲ್ಲ. ನಮ್ಮ ಭಾಗದಲ್ಲಿ ಜೋಳ ಬಿತ್ತುವುದು ಕಡಿಮೆಯಾದ ಮನೆಗಳಲ್ಲಿ ಕಣಿಕೆಯೂ ಕಡಿಮೆಯಾಗಿ, ಹಿಂಡಿಯನ್ನೂ ಮೇವನ್ನೂ ಕೊಳ್ಳುವ ಖರ್ಚು ಏರಿರುವುದನ್ನು ನೀವೇ ಅನುಭವದಿಂದ ಬಲ್ಲಿರಿ.

2. ಸರಾಸರಿ ಯಾರದು?

ಹತ್ತು ಜನ ಸದಸ್ಯರಿರುವ ಒಂದು ಚಿಕ್ಕ ಸಂಘ ಇದೆ ಎಂದಿಟ್ಟುಕೊಳ್ಳಿ. ದಿನಕ್ಕೆ 100 ಲೀಟರ್ ಹಾಲು ಬರುತ್ತದೆ. ಸರಾಸರಿ ಒಬ್ಬರಿಗೆ 10 ಲೀಟರ್. ವರದಿಯಲ್ಲಿ ಹೀಗೆಯೇ ಬರೆಯುತ್ತಾರೆ. ಆದರೆ ಪಾಸ್‌ಬುಕ್ ತೆರೆದು ನೋಡಿದರೆ ಒಬ್ಬರೇ 46 ಲೀಟರ್ ಹಾಕುತ್ತಾರೆ. ಉಳಿದ ಒಂಬತ್ತು ಜನ ತಲಾ 6 ಲೀಟರ್ ಹಾಕುತ್ತಾರೆ. ಹತ್ತು ಲೀಟರ್ ಹಾಕುವ ಸದಸ್ಯ ಆ ಸಂಘದಲ್ಲಿ ಒಬ್ಬನೂ ಇಲ್ಲ! ಎಲ್ಲರನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಡುವೆ ನಿಂತವರನ್ನು ಕೇಳಿದರೆ "6 ಲೀಟರ್" ಎಂಬ ಉತ್ತರ ಬರುತ್ತದೆ. ಈ ನಡುವಿನ ಅಂಕಿಯೇ ಆ ಸಂಘದ ಸಾಮಾನ್ಯ ಸದಸ್ಯನ ಸ್ಥಿತಿಯನ್ನು ಸರಿಯಾಗಿ ತೋರಿಸುತ್ತದೆ.

ಇದೇ ಲೆಕ್ಕವನ್ನು ರಾಜ್ಯಕ್ಕೆ ಅನ್ವಯಿಸೋಣ. ಕರ್ನಾಟಕವು ದೇಶದ ದೊಡ್ಡ ರಾಜ್ಯಗಳಲ್ಲಿ ತಲಾ ಆದಾಯದ ದೃಷ್ಟಿಯಿಂದ ಮುಂಚೂಣಿಯಲ್ಲಿದೆ. ಆದರೆ 2021-22ರ ಸರಕಾರಿ ಲೆಕ್ಕದ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ 6 ಲಕ್ಷ ರೂಪಾಯಿ ದಾಟಿದ್ದರೆ, ಕಲಬುರಗಿ ಜಿಲ್ಲೆಯದು ಸುಮಾರು ಒಂದೂಕಾಲು ಲಕ್ಷ ರೂಪಾಯಿ. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಸುಮಾರು ಐದು ಪಟ್ಟು ಅಂತರ! ರಾಜ್ಯದ ಸರಾಸರಿಯಲ್ಲಿ ಈ ಅಂತರ ಕಾಣುವುದೇ ಇಲ್ಲ.

ಇನ್ನೂ ಕೆಳಗೆ ಇಳಿದು ತಾಲೂಕಿನ ಮಟ್ಟಕ್ಕೆ ಬನ್ನಿರಿ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಕರ್ನಾಟಕ ಸರಕಾರ 2000ದಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅದಕ್ಕಿಂತ ಕೆಳಗಿದ್ದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲೂಕುಗಳು ಗುಲ್ಬರ್ಗ ವಿಭಾಗದಲ್ಲಿಯೇ ಇದ್ದವು.

ಆಗಿನ್ನೂ ಯಾದಗಿರಿ ಬೇರೆ ಜಿಲ್ಲೆಯಾಗಿರಲಿಲ್ಲ. ಅವಿಭಜಿತ ಗುಲ್ಬರ್ಗ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಆಳಂದ, ಅಫಜಲಪುರ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ, ಶಹಾಪುರ, ಸುರಪುರ, ಯಾದಗಿರಿ ಈ ಒಂಬತ್ತೂ ಆ 39ರ ಪಟ್ಟಿಯಲ್ಲಿ ಸೇರಿದವು. ಸೇರದೆ ಉಳಿದದ್ದು ಗುಲ್ಬರ್ಗ ತಾಲೂಕು ಒಂದೇ. ಮಹಾಗಾಂವವೂ ಕಮಲಾಪುರವೂ ಆಗ ಇದ್ದದ್ದು ಅದೇ ತಾಲೂಕಿನಲ್ಲಿ.

ಇದನ್ನು ಸಾವಕಾಶವಾಗಿ ವಿಚಾರ ಮಾಡಿರಿ. ಗುಲ್ಬರ್ಗ ತಾಲೂಕಿನಲ್ಲಿ ದೊಡ್ಡ ನಗರ ಇತ್ತು. ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆಗಳು, ಬ್ಯಾಂಕುಗಳು, ತೊಗರಿ ಬೇಳೆಯ ಮಿಲ್ಲುಗಳು, ಪೇಟೆ ಎಲ್ಲವೂ ನಗರದಲ್ಲಿ ಅಥವಾ ಅದರ ಅಂಚಿನಲ್ಲಿ. ತಾಲೂಕಿನ ಸರಾಸರಿ ತೆಗೆದಾಗ ಅವೆಲ್ಲವೂ ಹಳ್ಳಿಗಳ ಪಾಲಿಗೂ ಸೇರಿದವು. ನಮ್ಮ ಚಿಕ್ಕ ಸಂಘದಲ್ಲಿ 46 ಲೀಟರ್ ಹಾಕುವ ಸದಸ್ಯನಿದ್ದಂತೆ ಇಲ್ಲಿ ಕಲಬುರಗಿ ನಗರ ಇತ್ತು. ಪಕ್ಕದ ಚಿಂಚೋಳಿ, ಆಳಂದ ತಾಲೂಕಿನ ಹಳ್ಳಿಗಳಿಗಿದ್ದ ಕೊರತೆಗಳೇ ಮಹಾಗಾಂವದ ಸುತ್ತಿನ ಹಳ್ಳಿಗಳಿಗೂ ಇದ್ದರೂ, ಸರಾಸರಿಯ ಸೆರಗಿನಲ್ಲಿ ಅವು ಮುಚ್ಚಿಹೋಗುವ ಸಂಭವ ಇತ್ತು.

ಸಮಿತಿಯ ಕೆಲಸ ಸಣ್ಣದೆಂದು ಇದರ ಅರ್ಥವಲ್ಲ. ಜಿಲ್ಲೆಯನ್ನು ಬಿಟ್ಟು ತಾಲೂಕನ್ನು ಅಳತೆಯ ಘಟಕವಾಗಿ ಹಿಡಿದದ್ದೇ ದೊಡ್ಡ ಹೆಜ್ಜೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು, ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸ್ಥಾಪನೆಯಾದಾಗಲೂ ಹಣ ಹಂಚಿಕೆಗೆ ನಂಜುಂಡಪ್ಪ ವರದಿಯ ಸೂಚ್ಯಂಕವೇ ಆಧಾರವಾಯಿತು. ಈಗ ಕಮಲಾಪುರ ಪ್ರತ್ಯೇಕ ತಾಲೂಕು, ಮಹಾಗಾಂವ ಅದರಲ್ಲಿದೆ. ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಧ್ಯಯನ ಮಾಡಲು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರಕಾರ 2024ರಲ್ಲಿ ಇನ್ನೊಂದು ಸಮಿತಿಯನ್ನೂ ರಚಿಸಿತು. ನಗರದ ಅಂಕಿಯಿಂದ ಬಿಡಿಸಿಕೊಂಡು ನಮ್ಮ ತಾಲೂಕಿನ ಸ್ವಂತ ಅಂಕಿಯನ್ನು ನೋಡುವ, ಕೇಳುವ ಅವಕಾಶ ಈಗ ಬಂದಿದೆ.

3. ಯಾವ ಬೆಲೆಯಲ್ಲಿ ಲೆಕ್ಕ?

ದೇಶ ದೇಶಗಳ ಆದಾಯ ಹೋಲಿಸುವಾಗ ಎಲ್ಲವನ್ನೂ ಡಾಲರಿಗೆ ಪರಿವರ್ತಿಸುತ್ತಾರೆ. 2021ರಲ್ಲಿ ಬ್ಯಾಂಕಿನಲ್ಲಿ ಒಂದು ಡಾಲರಿಗೆ ಸುಮಾರು 74 ರೂಪಾಯಿ ಇತ್ತು. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಮತ್ತು ಸೇವೆಯನ್ನು ಭಾರತದಲ್ಲಿ ಕೊಳ್ಳಲು 74 ರೂಪಾಯಿ ಬೇಕಾಗಲಿಲ್ಲ; ಸುಮಾರು 20 ರೂಪಾಯಿ ಸಾಕಿತ್ತು. ಇದಕ್ಕೆ ಖರೀದಿ ಶಕ್ತಿಯ ಸಮಾನತೆ ಎನ್ನುತ್ತಾರೆ. ಈ ರೀತಿ ದೇಶ ದೇಶಗಳ ಬೆಲೆಗಳನ್ನು ಹೋಲಿಸುವ ಕೆಲಸವನ್ನು 1968ರಲ್ಲಿ ವಿಶ್ವಸಂಸ್ಥೆ ಮತ್ತು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕೂಡಿ ಆರಂಭಿಸಿದವು.

ವ್ಯತ್ಯಾಸ ಏಕೆ ಬರುತ್ತದೆ? ಹಾಲಿನ ಪುಡಿಯನ್ನು ಹಡಗಿನಲ್ಲಿ ತುಂಬಿ ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸಬಹುದು. ಆದ್ದರಿಂದ ಅದರ ಬೆಲೆ ಎಲ್ಲ ಕಡೆ ಸ್ವಲ್ಪ ಹತ್ತಿರ ಹತ್ತಿರ ಇರುತ್ತದೆ. ಆದರೆ ಕ್ಷೌರ ಮಾಡಿಸಿಕೊಳ್ಳುವುದು, ಮನೆ ಬಾಡಿಗೆ, ಆಟೋ ಪ್ರಯಾಣ ಇವನ್ನು ಹಡಗಿನಲ್ಲಿ ಕಳಿಸಲಾಗದು. ಕೂಲಿ ಕಡಿಮೆ ಇರುವ ದೇಶದಲ್ಲಿ ಇವು ಅಗ್ಗವಾಗಿರುತ್ತವೆ.

ಈ ಲೆಕ್ಕ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ನಮ್ಮ ಜಿಲ್ಲೆಯ ಹಳ್ಳಿ ಮತ್ತು ತಾಂಡಾಗಳಿಂದ ಎಷ್ಟೋ ಜನ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಅಲ್ಲಿಯ ಪಗಾರ ಇಲ್ಲಿಯ ಕೂಲಿಯ ಎರಡು ಪಟ್ಟು ಎಂದು ಕೇಳಿದ ಕೂಡಲೇ ನಿರ್ಧಾರ ಮಾಡಬಾರದು. ಅಲ್ಲಿಯ ಕೋಣೆಯ ಬಾಡಿಗೆ, ನೀರು, ಬಸ್ಸಿನ ಖರ್ಚು, ಮಕ್ಕಳ ಶಾಲೆ ಬಿಟ್ಟುಹೋದರೆ ಆಗುವ ನಷ್ಟ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಎಂದು ಹಾಕಿ ನೋಡಬೇಕು. ಆದರೆ ಖರೀದಿ ಶಕ್ತಿಯ ಲೆಕ್ಕಕ್ಕೂ ಮಿತಿ ಇದೆ. ಡೀಸೆಲ್ಲಿಗೆ ಬೇಕಾದ ಕಚ್ಚಾ ತೈಲ ಮತ್ತು ಹೊರದೇಶದ ಯಂತ್ರಗಳನ್ನು ಬ್ಯಾಂಕಿನ ದರದಲ್ಲಿಯೇ ಕೊಳ್ಳಬೇಕು. ಅಲ್ಲಿ 20 ರೂಪಾಯಿಯ ಡಾಲರು ನಡೆಯುವುದಿಲ್ಲ.

4. ಆದಾಯ ಎಷ್ಟು, ಬಾಳುವೆ ಎಂಥದು?

ಭಾರತದ ಬಡತನವನ್ನು ಮೊದಲು ಅಂಕಿಗಳಲ್ಲಿ ಹಿಡಿದವರು ದಾದಾಭಾಯಿ ನವರೋಜಿ. 1867-68ರ ಸುಮಾರಿಗೆ ಬ್ರಿಟಿಷ್ ಭಾರತದಲ್ಲಿ ಒಬ್ಬರ ವಾರ್ಷಿಕ ಆದಾಯ ಸುಮಾರು 20 ರೂಪಾಯಿ ಎಂದು ಅವರು ಲೆಕ್ಕ ಹಾಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಜೈಲಿನ ಕೈದಿಯ ಅನ್ನ ಬಟ್ಟೆಗೆ ಸರಕಾರ ವರ್ಷಕ್ಕೆ ಸುಮಾರು 34 ರೂಪಾಯಿ ಖರ್ಚು ಮಾಡುತ್ತದೆ ಎಂದು ತೋರಿಸಿದರು. ಹೊರಗಿರುವ ಪ್ರಾಮಾಣಿಕ ರೈತನಿಗೆ ಕೈದಿಗೆ ಸಿಗುವಷ್ಟೂ ಇಲ್ಲ! ಆದಾಯವನ್ನು ಬಾಳುವೆಯ ಅಗತ್ಯದ ಪಕ್ಕದಲ್ಲಿಟ್ಟು ನೋಡಬೇಕೆಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕವನ್ನು ವ್ಯವಸ್ಥಿತವಾಗಿ ರೂಪಿಸಿದ ಸೈಮನ್ ಕುಜ್ನೆಟ್ಸ್ ಅವರೂ 1934ರಲ್ಲಿಯೇ, ರಾಷ್ಟ್ರದ ಆದಾಯದಿಂದ ರಾಷ್ಟ್ರದ ಕ್ಷೇಮವನ್ನು ಅಳೆಯಲಾಗದು ಎಂಬ ಎಚ್ಚರಿಕೆ ಕೊಟ್ಟಿದ್ದರು. ಆ ಕೊರತೆಯನ್ನು ತುಂಬಲು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಭಾರತದ ಅಮರ್ತ್ಯ ಸೇನ್ ಮೊದಲಾದವರ ಸಹಕಾರದಿಂದ ವಿಶ್ವಸಂಸ್ಥೆಯ ಪರವಾಗಿ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಹೊರತಂದರು. ಇದು ಆಯುಷ್ಯ, ಶಿಕ್ಷಣ, ಆದಾಯ ಈ ಮೂರನ್ನೂ ಕೂಡಿಸಿ ಅಳೆಯುತ್ತದೆ.

ಅಳೆಯುವ ಬಗೆ ಕಷ್ಟದ್ದಲ್ಲ. ಆಯುಷ್ಯಕ್ಕೆ 20 ವರ್ಷ ಕನಿಷ್ಠ, 85 ವರ್ಷ ಗರಿಷ್ಠ. 2023ರಲ್ಲಿ ಭಾರತೀಯರ ನಿರೀಕ್ಷಿತ ಆಯುಷ್ಯ 72 ವರ್ಷ. 72ರಲ್ಲಿ 20 ಕಳೆದರೆ 52. ಅದನ್ನು 65ರಿಂದ ಭಾಗಿಸಿದರೆ 0.80. ನೂರಕ್ಕೆ ಎಂಬತ್ತು ಅಂಕ ಬಂದಂತೆ. ಶಿಕ್ಷಣದಲ್ಲಿ ವಯಸ್ಕರು ಶಾಲೆಯಲ್ಲಿ ಕಳೆದ ಸರಾಸರಿ ವರ್ಷ 6.9, ಗರಿಷ್ಠ 15. ಭಾಗಿಸಿದರೆ 0.46. ಇಲ್ಲಿ ನಮಗೆ ನೂರಕ್ಕೆ ನಲವತ್ತಾರು ಮಾತ್ರ. ಈಗ ಶಾಲೆಗೆ ಸೇರುತ್ತಿರುವ ಮಗು ಕಲಿಯಬಹುದಾದ ವರ್ಷ 13, ಗರಿಷ್ಠ 18, ಅದು 0.72. ಇವುಗಳ ಜೊತೆಗೆ ಆದಾಯವನ್ನೂ ಸೇರಿಸಿದಾಗ ಭಾರತದ ಸೂಚ್ಯಂಕ 0.685, ಸ್ಥಾನ 193 ದೇಶಗಳಲ್ಲಿ 130. ನಮ್ಮನ್ನು ಹೆಚ್ಚು ಕೆಳಗೆಳೆಯುತ್ತಿರುವುದು ಯಾವುದು ಎಂಬುದು ಬಿಡಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ: ಹಿಂದಿನ ತಲೆಮಾರು ಬಿಟ್ಟ ಶಾಲೆ.

ಅದೇ ವರ್ಷದ ಪಟ್ಟಿಯಲ್ಲಿ ಶ್ರೀಲಂಕಾ 0.776 ಪಡೆದು 89ನೆಯ ಸ್ಥಾನದಲ್ಲಿತ್ತು. ಶ್ರೀಲಂಕಾದ ತಲಾ ಆದಾಯ ಅಮೆರಿಕದ ಒಂದು ಸಣ್ಣ ಅಂಶ ಮಾತ್ರ. ಆದರೂ ಅಲ್ಲಿಯವರ ನಿರೀಕ್ಷಿತ ಆಯುಷ್ಯ ಅಮೆರಿಕದವರಿಗಿಂತ ಎರಡು ವರ್ಷದಷ್ಟು ಮಾತ್ರ ಕಡಿಮೆ. ಹೆಣ್ಣುಮಕ್ಕಳ ಶಿಕ್ಷಣ, ಹಳ್ಳಿಯ ಹತ್ತಿರದ ಸರಕಾರಿ ಆಸ್ಪತ್ರೆ, ಬಾಣಂತಿಯ ಆರೈಕೆ ಇವುಗಳ ಫಲ ಅದು. ಇನ್ನು ಹಾಲಿನ ದೇಶವಾದ ನ್ಯೂಜಿಲೆಂಡಿನ ತಲಾ ಆದಾಯ ಅಮೆರಿಕಕ್ಕಿಂತ ಬಹಳ ಕಡಿಮೆ ಇದ್ದರೂ ಎರಡೂ ದೇಶ 0.938 ಪಡೆದು 17ನೆಯ ಸ್ಥಾನದಲ್ಲಿ ಸಮನಾಗಿ ನಿಂತಿದ್ದವು.

ನಮ್ಮ ರಾಜ್ಯವೂ ಇಂಥ ವರದಿಯನ್ನು 1999ರಲ್ಲಿ ಮೊದಲು, 2005ರಲ್ಲಿ ಎರಡನೆಯ ಸಲ ಹೊರತಂದಿತು. 2001ರ ಅಂಕಿಗಳ ಆಧಾರದ ಮೇಲೆ ಆಗಿನ 27 ಜಿಲ್ಲೆಗಳಲ್ಲಿ ಗುಲ್ಬರ್ಗ 0.564 ಪಡೆದು 26ನೆಯ ಸ್ಥಾನದಲ್ಲಿತ್ತು. ಅದರ ಕೆಳಗೆ ರಾಯಚೂರು ಒಂದೇ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 65ರಷ್ಟಿದ್ದರೆ, ಹೆಣ್ಣುಮಕ್ಕಳದು ಶೇಕಡಾ 55 ಮಾತ್ರ. ರಾಜ್ಯದಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಆಗ ಶೇಕಡಾ 68. ಶ್ರೀಲಂಕಾದ ದಾರಿಗೂ ನಮ್ಮ ದಾರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಕಾಣುತ್ತದೆ.

5. ಲೆಕ್ಕಕ್ಕೆ ಬಾರದ್ದು ಯಾವುದು?

ನೀವು ಡೇರಿಗೆ ಹಾಕಿದ ಹಾಲು ರಾಷ್ಟ್ರೀಯ ಆದಾಯದಲ್ಲಿ ಸೇರುತ್ತದೆ. ಮನೆಗೆ ಇಟ್ಟುಕೊಂಡ ಹಾಲಿಗೂ ಒಂದು ಬೆಲೆ ಕಟ್ಟಿ ಸೇರಿಸುತ್ತಾರೆ. ಆದರೆ ಮನೆಯ ಹೆಣ್ಣುಮಗಳು ರೊಟ್ಟಿ ಬಡಿದದ್ದು, ನೀರು ತುಂಬಿದ ಮೇಲೆ ಪಾತ್ರೆ ತಿಕ್ಕಿದ್ದು, ಮಕ್ಕಳನ್ನು, ಮುದುಕರನ್ನು ನೋಡಿಕೊಂಡದ್ದು ಸೇರುವುದಿಲ್ಲ. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ 299 ನಿಮಿಷ, ಪುರುಷರು 97 ನಿಮಿಷ ಅದಕ್ಕೆ ಕೊಡುತ್ತಾರೆಂದು ಕಂಡುಬಂತು. ಎಮ್ಮೆಯ ಮೈ ತೊಳೆದು, ಸಗಣಿ ಬಳಿದು, ಹಿಂಡುವವಳು ಅವಳೇ. ಪಾಸ್‌ಬುಕ್ಕಿನಲ್ಲಿ ಹೆಸರು ಮಾತ್ರ ಎಷ್ಟೋ ಮನೆಗಳಲ್ಲಿ ಗಂಡಸರದು.

ಇನ್ನೊಂದು ಲೆಕ್ಕ ಲೋಟದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಸಹಕಾರಿ ಹಾಲಿನ ಶೇಖರಣೆಯಲ್ಲಿ ದೇಶದಲ್ಲಿ ಗುಜರಾತಿನ ನಂತರದ ಸ್ಥಾನ ಪಡೆದ ರಾಜ್ಯದ ಸ್ಥಿತಿ ಇದು. ಹಾಲೊಂದೇ ಇದಕ್ಕೆ ಮದ್ದಲ್ಲ. ಶುದ್ಧ ನೀರು, ಬೇಳೆ, ತತ್ತಿ, ತಾಯಿಯ ಆರೋಗ್ಯ ಎಲ್ಲವೂ ಬೇಕು. ಸರಕಾರ 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಮೂಲಕ ಶಾಲೆಗಳಲ್ಲಿ ಹಾಲು ಕೊಡಲು ಆರಂಭಿಸಿತು. ಆದರೆ ಇದ್ದ ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆಯ ಮಗುವಿಗೆ ಕರಿ ಚಹಾ ಕೊಡುವ ಮನೆಯಲ್ಲಿ ಪಾಸ್‌ಬುಕ್ಕಿನ ಅಂಕಿ ಏರಿದರೂ ಬಾಳುವೆ ಏರಿತೆಂದು ಹೇಳಲಾಗದು.

ನಾವು ಮಾಡಬೇಕಾದದ್ದು

ಸದಸ್ಯ ಬಾಂಧವರೇ, ಈ ಐದು ಪ್ರಶ್ನೆಗಳನ್ನು ಮುಂದಿನ ಸರ್ವ ಸದಸ್ಯರ ಸಭೆಗೆ ತೆಗೆದುಕೊಂಡು ಹೋಗಿರಿ.

(ಅ) ಸಂಘದ ವರದಿಯಲ್ಲಿ ಒಟ್ಟು ಲೀಟರಿನ ಜೊತೆಗೆ, ನಡುವಿನ ಸದಸ್ಯ ಎಷ್ಟು ಹಾಕುತ್ತಾನೆ, ಹಾಲು ಹಾಕುವುದನ್ನು ನಿಲ್ಲಿಸಿದವರು ಎಷ್ಟು ಜನ ಎಂಬುದನ್ನೂ ಓದಿ ಹೇಳಲು ಕಾರ್ಯದರ್ಶಿಗಳನ್ನು ಕೇಳಿರಿ.

(ಆ) ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು ಹಿಂಡಿ, ಮೇವು, ಔಷಧಿಯ ಖರ್ಚು ಬರೆಯಿರಿ. ಬಿಲ್ಲಿನ ಮೊತ್ತ ಆದಾಯವಲ್ಲ. ಖರ್ಚು ಕಳೆದು ಉಳಿದದ್ದು ಆದಾಯ.

(ಇ) ಎಮ್ಮೆ, ಆಕಳು ನೋಡಿಕೊಳ್ಳುವ ಹೆಣ್ಣುಮಕ್ಕಳ ಹೆಸರಿನಲ್ಲಿಯೇ ಸದಸ್ಯತ್ವ ಮಾಡಿಸಿರಿ.

(ಈ) ಹೆಣ್ಣುಮಗುವಿನ ಶಾಲೆಯನ್ನು ನಡುವೆ ಬಿಡಿಸಬೇಡಿರಿ. ದೇಶದ ಸೂಚ್ಯಂಕದಲ್ಲಿ ಕಡಿಮೆ ಬಿದ್ದಿರುವ ಅಂಕ ಅದೇ.

(ಉ) ಗ್ರಾಮಸಭೆಯಲ್ಲಿ ಕಮಲಾಪುರ ತಾಲೂಕಿನ ಅಂಕಿಅಂಶಗಳನ್ನು ಕಲಬುರಗಿ ನಗರದಿಂದ ಬೇರ್ಪಡಿಸಿ ಕೇಳಿರಿ. ಸಮೀಕ್ಷೆಯವರು ಮನೆಗೆ ಬಂದಾಗ ಸರಿಯಾದ ಮಾಹಿತಿ ಕೊಡಿರಿ. ನಾವು ಕೊಟ್ಟ ಉತ್ತರವೇ ನಾಳೆ ನಮ್ಮ ತಾಲೂಕಿನ ಅಂಕಿ ಆಗುತ್ತದೆ.

ಅಭ್ಯಾಸ

ಒಂದು ಸಂಘಕ್ಕೆ 80 ಸದಸ್ಯರಿಂದ ದಿನಕ್ಕೆ 400 ಲೀಟರ್ ಬರುತ್ತದೆ. ಇನ್ನೊಂದು ಸಂಘಕ್ಕೆ 30 ಸದಸ್ಯರಿಂದ 240 ಲೀಟರ್ ಬರುತ್ತದೆ. ಯಾವುದು ಮುಂದೆ? ಎರಡನೆಯ ಸಂಘದಲ್ಲಿ ಒಬ್ಬರೇ 95 ಲೀಟರ್ ಹಾಕುತ್ತಾರೆಂದು ಗೊತ್ತಾದರೆ ನಿಮ್ಮ ಉತ್ತರ ಬದಲಾಗುತ್ತದೆಯೇ?

ಉತ್ತರ: ಒಟ್ಟಿನಲ್ಲಿ ಮೊದಲನೆಯದು ಮುಂದೆ. ಸರಾಸರಿಯಲ್ಲಿ ಮೊದಲನೆಯದು 5 ಲೀಟರ್, ಎರಡನೆಯದು 8 ಲೀಟರ್, ಎರಡನೆಯದು ಮುಂದೆ. ಆ ಒಬ್ಬರನ್ನು ಬಿಟ್ಟರೆ ಉಳಿದ 29 ಜನರ 145 ಲೀಟರ್, ತಲಾ 5 ಲೀಟರ್, ಎರಡೂ ಸಮ. ಮಕ್ಕಳನ್ನು ಕೂಡಿಸಿಕೊಂಡು ಈ ಲೆಕ್ಕ ಮಾಡಿ ನೋಡಿರಿ. ನಂತರ ನಿಮ್ಮ ಸಂಘದ ಅಂಕಿಗಳನ್ನು ಹಾಕಿ ನೋಡಿರಿ.